ಆರು ಮೇಷ್ಟ್ರಿಗೆ ಆರು ಭಂಡಾರಿಗರು

ಚಿತ್ತಾಪುರಕ್ಕೆ ಅಂಟಿಕೊಂಡಂತೆ ನಾಗಾವಿ ಅಂತ ಒಂದು ಜಾಗ ಇದೆ. ಕಲಬುರಗಿ ಜಿಲ್ಲೆಯವರಿಗೆ ಅದು ನಾಗಾವಿ ಯಲ್ಲಮ್ಮನ ಊರು. ಇತಿಹಾಸ ಓದಿದವರಿಗೆ ಅಲ್ಲಿಯ ಘಟಿಕಾಸ್ಥಾನ ಗೊತ್ತು. ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ವಿದ್ಯಾಕೇಂದ್ರ ಇತ್ತು. ನಮ್ಮ ಕಡೆ ಭಾಷಣ ಮಾಡುವವರೆಲ್ಲ ಅದನ್ನು "ದಕ್ಷಿಣದ ತಕ್ಷಶಿಲೆ" ಅಂತಾರೆ. ಅನ್ನಲಿ, ತಪ್ಪೇನಿಲ್ಲ. ಆದರೆ ಆ ಬಿರುದಿನ ಗದ್ದಲದಲ್ಲಿ ನಾಗಾವಿ ಶಾಸನದ ಅತ್ಯಂತ ರುಚಿಯಾದ ಸಂಗತಿಯನ್ನ ಯಾರೂ ಹೇಳೋದಿಲ್ಲ.

1058ರ ಆ ಶಾಸನದಲ್ಲಿ ಶಾಲೆಯ ಸಿಬ್ಬಂದಿ ಪಟ್ಟಿ ಇದೆ. ವೇದ ಹೇಳಿಕೊಡಲು ಮೂವರು ಉಪಾಧ್ಯಾಯರು. ಶಾಸ್ತ್ರ ಹೇಳಿಕೊಡಲು ಮೂವರು: ಭಾಟ್ಟ ದರ್ಶನಕ್ಕೊಬ್ಬರು, ಪ್ರಾಭಾಕರಕ್ಕೊಬ್ಬರು, ನ್ಯಾಸ ಅಂದರೆ ವ್ಯಾಕರಣಕ್ಕೊಬ್ಬರು. ಒಟ್ಟು ಆರು ಮೇಷ್ಟ್ರು. ವೇದ ಕಲಿಯುವ ಹುಡುಗರೇ 200 ಜನ. ಇವರೆಲ್ಲರ ಜೊತೆಗೆ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು, ಓಲೆಕಟ್ಟುಗಳನ್ನ ಅಚ್ಚುಕಟ್ಟಾಗಿ ಇಡುವವರು. ಅವರೆಷ್ಟು ಜನ ಗೊತ್ತಾ? ಆರು.

ಮತ್ತೊಮ್ಮೆ ಓದಿ. ಪಾಠ ಹೇಳೋರು ಆರು, ಪುಸ್ತಕ ಜೋಡಿಸಿಡೋರೂ ಆರು.

ಇವತ್ತು ಯಾವ ಕಾಲೇಜಿನಲ್ಲಿ ಈ ಲೆಕ್ಕ ಸಿಗುತ್ತೆ ಹೇಳಿ. ಅರವತ್ತು ಲೆಕ್ಚರರ್‌ಗಳಿದ್ದ ಕಡೆ ಒಬ್ಬ ಲೈಬ್ರರಿಯನ್ ಇದ್ದರೆ ಪುಣ್ಯ. ಆತನಿಗೂ ಪರೀಕ್ಷೆ ಡ್ಯೂಟಿ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣೆ ಕೆಲಸ ಹಚ್ಚಿರ್ತಾರೆ. ನಾನು ಎಂಜಿನಿಯರಿಂಗ್ ಓದಿದವನು, ಇತಿಹಾಸಕಾರ ಅಲ್ಲ. ಹಂಗಾಗಿ ಈ ಸಂಖ್ಯೆ ಕಂಡಾಗ ನನಗೆ ಮೊದಲು ಬಂದ ಪ್ರಶ್ನೆ ರಾಜ ಯಾರು, ವಂಶ ಯಾವುದು ಅಂತಲ್ಲ. ಆರು ಜನರಿಗೆ ದಿನಪೂರ್ತಿ ಆಗುವಷ್ಟು ಏನು ಕೆಲಸ ಇತ್ತು ಅಂತ.

ರಾಜನ ಹೆಸರನ್ನೂ ಹೇಳಿಬಿಡ್ತೀನಿ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ, ತ್ರೈಲೋಕ್ಯಮಲ್ಲ ಅಂತ ಬಿರುದು, ಆಳಿದ್ದು 1042ರಿಂದ 1068. ಅವನ ಕೈಕೆಳಗಿನ ದಂಡನಾಯಕ ಮಧುಸೂದನ ಇಲ್ಲಿ ಗುಡಿ ಕಟ್ಟಿಸಿ, ಘಟಿಕೆ ನಡೆಸಲು ಭೂಮಿ ಬಿಟ್ಟುಕೊಟ್ಟ. ಶಾಸನ ಇರೋದು ಕನ್ನಡದಲ್ಲಿ. ನಿಜಾಮರ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಗಾಗಿ ಸಿ.ಆರ್. ಕೃಷ್ಣಮಾಚಾರ್ಲು ಅವರು ನಾಗಾವಿ ಶಾಸನಗಳನ್ನ ಓದಿ 1928ರಲ್ಲಿ ಪ್ರಕಟಿಸಿದರು. ಜಾಗ ನೋಡಬೇಕೆನ್ನುವವರು ವಾಡಿ ಜಂಕ್ಷನ್‌ನಲ್ಲಿ ಸಿಕಂದರಾಬಾದ್ ಕಡೆಯ ಪ್ಯಾಸೆಂಜರ್ ಹತ್ತಿ ಚಿತ್ತಾಪುರದಲ್ಲಿ ಇಳಿದರೆ ಸಾಕು. ಅದೇ ಗಾಡಿ ಮುಂದೆ ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಹೋಗುತ್ತೆ. ಈ ಬರಹದ ಅರ್ಧಕ್ಕರ್ಧ ಊರುಗಳು ಆ ಒಂದು ರೈಲಿನ ಕಿಟಕಿಯಲ್ಲೇ ಸಿಗ್ತಾವೆ.

ಈಗ ಕೆಲಸಕ್ಕೆ ಬರೋಣ. ಆಗಿನ ಪುಸ್ತಕ ಅಂದರೆ ತಾಳೆಗರಿ. ಅದನ್ನ ಒಮ್ಮೆಯಾದರೂ ಕೈಯಲ್ಲಿ ಹಿಡಿದವರಿಗೆ ಅದರ ತಾಪತ್ರಯ ಗೊತ್ತಾಗುತ್ತೆ. ಬರೆಯಲು ಚೆಂದಾಗಿ ಒಗ್ಗುವ ಶ್ರೀತಾಳೆ ಬೆಳೆಯೋದು ಕರಾವಳಿ, ಮಲೆಯಾಳದ ಕಡೆ. ತೊಗರಿ, ಜೋಳ ಬೆಳೆಯುವ ನಮ್ಮ ಎರಿ ಹೊಲದಲ್ಲಿ ಅದು ಬರೋದಿಲ್ಲ. ಗರಿಯನ್ನ ಒಂದೇ ಅಳತೆಗೆ ಕತ್ತರಿಸಬೇಕು, ನೀರಲ್ಲಿ ಕುದಿಸಬೇಕು, ನೆರಳಲ್ಲಿ ಒಣಗಿಸಬೇಕು, ನುಣ್ಣಗೆ ಉಜ್ಜಬೇಕು, ದಾರ ಪೋಣಿಸಲು ತೂತು ಕೊರೆಯಬೇಕು. ಆಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯೋದು. ಕೊರೆದ ಕೂಡಲೇ ಏನೂ ಕಾಣಲ್ಲ. ದೀಪದ ಮಸಿಗೆ ಎಣ್ಣೆ ಬೆರೆಸಿ ತಿಕ್ಕಿ ಒರೆಸಿದರೆ ಗೀರಿನೊಳಗೆ ಕಪ್ಪು ಕೂತು ಅಕ್ಷರ ಮೇಲೇಳುತ್ತೆ. ಅಂದರೆ ಬರೆಯುವ ಜಾಗದಲ್ಲಿ ಯಾವಾಗಲೂ ಮಸಿ, ಎಣ್ಣೆ, ಗರಿಯ ಚೂರು, ಚೂಪಾದ ಕಬ್ಬಿಣ. ಪಕ್ಕದಲ್ಲಿ ಎಣ್ಣೆದೀಪ. ಅದರ ಹತ್ತಿರ ಒಣಗಿದ ಎಲೆಯ ರಾಶಿ! ಅಸ್ತವ್ಯಸ್ತ ಅನ್ನೋದು ಅಲ್ಲಿ ಬರೀ ಸೋಮಾರಿತನ ಆಗಿರಲಿಲ್ಲ, ಬೆಂಕಿ ಆಗಿತ್ತು.

ಇನ್ನು ಕಟ್ಟು. ಗರಿಗಳ ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ದಾರ. ದಾರ ಬಿಗಿಯಾದರೆ ತೂತು ಹರಿಯುತ್ತೆ. ಸಡಿಲಾದರೆ ಗರಿ ಗರಿ ಉಜ್ಜಾಡಿ ಅಂಚು ಸವೆದು ಅಂಚಿನ ಅಕ್ಷರ ಹೋಗುತ್ತೆ. ದಾರ ಬಿಚ್ಚಿ ಕಟ್ಟು ಕೈಜಾರಿ ಬಿದ್ದರೆ ಮುಗೀತು. ಪ್ರತಿ ಗರಿಯ ಅಂಚಿನಲ್ಲಿ ಅಂಕಿ ಹಾಕಿದ್ದರೆ ಬದುಕಿದಿರಿ, ಇಲ್ಲದಿದ್ರ ಇನ್ನೂರು ಗರಿಯನ್ನ ಅರ್ಥ ಹಿಡಿದು ಜೋಡಿಸಬೇಕು. ಪದದಿಂದ ಪದಕ್ಕೆ ಜಾಗ ಬಿಡುವ ರೂಢಿಯೂ ಆಗ ಇಲ್ಲ. ಬೇಸಿಗೆಯಲ್ಲಿ ಕಲಬುರಗಿ ಬಿಸಿಲಿಗೆ ಗರಿ ಸೆಟೆದು ಮುರಿಯುತ್ತೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ, ವರ್ಷವಿಡೀ ಗೆದ್ದಲು, ಹುಳ, ಇಲಿ. ಹಂಗಾಗಿ ಬಿಚ್ಚಿ ಗಾಳಿಗೆ ಇಡಬೇಕು, ಎಣ್ಣೆ ಸವರಬೇಕು, ಬೇವಿನೆಲೆಯೋ ಬಜೆಯ ಬೇರೋ ಇಟ್ಟು ಬಟ್ಟೆ ಸುತ್ತಬೇಕು. ಇಷ್ಟೆಲ್ಲ ಮಾಡಿದರೂ ಗರಿ ಅಮರ ಅಲ್ಲ. ಕೆಲವು ತಲೆಮಾರು ಬಾಳಿ ಪುಡಿಯಾಗುತ್ತೆ. ಅಷ್ಟರೊಳಗೆ ಪ್ರತಿ ತೆಗೆದಿಟ್ಟಿರಬೇಕು. ಪ್ರತಿ ತೆಗೆಯುವವನಿಗೆ ಮೂಲ ಎಲ್ಲಿದೆ ಅಂತ ಗೊತ್ತಿರಬೇಕು, ತಪ್ಪಿಲ್ಲದ ಮೂಲ ಯಾವುದು ಅಂತಲೂ ಗೊತ್ತಿರಬೇಕು.

ಅಂದ ಮೇಲೆ ಆರು ಜನ ಹೆಚ್ಚೇನೂ ಅಲ್ಲ ಅನ್ನಿಸುತ್ತೆ.

ಹಳೆಯ ಲಿಪಿಕಾರರು ಓಲೆಯ ಕೊನೆಗೆ ಬರೆಯುತ್ತಿದ್ದ ಒಂದು ಸಂಸ್ಕೃತ ಶ್ಲೋಕ ದೇಶದ ತುಂಬ ಪ್ರಸಿದ್ಧ. ಅದರಲ್ಲಿ ಪುಸ್ತಕವೇ ಮಾತಾಡುತ್ತೆ. ನನ್ನನ್ನ ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಅಂತ ಅದರ ಬೇಡಿಕೆ. ಎಣ್ಣೆ, ನೀರು, ಮೂರ್ಖ ಇವೆಲ್ಲ ಎಲ್ಲ ಕಾಲದ ಶತ್ರುಗಳು, ಬಿಡಿ. ಆ ಸಾಲಿನಲ್ಲಿ ಸಡಿಲ ಕಟ್ಟನ್ನ ಸೇರಿಸಿದವನು ಮಾತ್ರ ನಿಜವಾಗಿ ಕೆಲಸ ಮಾಡಿದವನೇ ಇರಬೇಕು. ದಾರ ಬಿಗಿ ಮಾಡೋದು ಕೂಡ ವಿದ್ಯೆಯ ಭಾಗ ಅಂತ ಅವನಿಗೆ ಗೊತ್ತಿತ್ತು.

ನಮ್ಮ ಕಾಲದ್ದೊಂದು ಹೋಲಿಕೆ ಹೇಳ್ತೀನಿ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ನಲವತ್ತು ಜನ ಕೋಡ್ ಬರೆಯುತ್ತಿದ್ದೆವು. ಆ ಕೋಡ್ ಎಲ್ಲಿದೆ, ಯಾವುದು ಹಳೆಯದು, ಯಾವ ಫೈಲ್ ಮುಟ್ಟಿದರೆ ಏನು ಮುರಿಯುತ್ತೆ ಅನ್ನೋದನ್ನ ಬರೆದಿಡಲು ಒಬ್ಬ ಹೆಣ್ಣುಮಗಳು ಇದ್ದಳು. ಖರ್ಚು ಕಡಿತ ಅಂತ ಬಂದಾಗ ಮೊದಲು ಹೋಗಿದ್ದು ಆಕೆಯ ಕೆಲಸ. "ಅದೇನು ಪ್ರೊಡಕ್ಟಿವ್ ಕೆಲಸ ಅಲ್ಲವಲ್ಲ" ಅಂದರು. ಆರು ತಿಂಗಳ ಮೇಲೆ ಒಂದೇ ಹೆಸರಿನ ನಾಲ್ಕು ಫೋಲ್ಡರ್, ಒಂದಕ್ಕೆ ಫೈನಲ್, ಇನ್ನೊಂದಕ್ಕೆ ಫೈನಲ್ ಟೂ, ಮತ್ತೊಂದಕ್ಕೆ ಲೇಟೆಸ್ಟ್ ಫೈನಲ್. ಸಡಿಲ ಕಟ್ಟು ಅಂದರೆ ಇದೇ ನೋಡ್ರಿ. ಮಧುಸೂದನ ದಂಡನಾಯಕನಿಗೆ ಇದ್ದ ಬುದ್ಧಿ ಎಂಬಿಎ ಓದಿದವರಿಗೆ ಇರಲಿಲ್ಲ.

ನಾಗಾವಿಯವರಿಗೆ ಈ ಬುದ್ಧಿ ಎಲ್ಲಿಂದ ಬಂತು? ನನ್ನ ಊಹೆ, ಪಕ್ಕದ ಊರಿನ ಕಥೆ ಅವರಿಗೆ ಮರೆತಿರಲಿಕ್ಕಿಲ್ಲ. ರೈಲು ಚಿತ್ತಾಪುರ ಬಿಟ್ಟು ಸ್ವಲ್ಪ ಹೊತ್ತಿಗೆ ಮಳಖೇಡ ಬರುತ್ತೆ. ಈಗ ಸೇಡಂ ತಾಲೂಕಿನ ಕಾಗಿಣಾ ದಂಡೆಯ ಒಂದು ಹಳ್ಳಿ, ಆಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನ "ಕವಿರಾಜಮಾರ್ಗ" ಕನ್ನಡದಲ್ಲಿ ಸಿಕ್ಕಿರುವ ಮೊದಲ ಕೃತಿ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಮೂರನೇ ಕೃಷ್ಣನ ಕಾಲಕ್ಕೆ ಪೊನ್ನ ಇಲ್ಲಿಯ ಕವಿ. ಅದೇ ಹೊತ್ತಿಗೆ ಅಪಭ್ರಂಶದ ಮಹಾಕವಿ ಪುಷ್ಪದಂತ ಅಲೆದಾಡಿ ದಣಿದು ಈ ಊರಿಗೆ ಬಂದ. ಮಂತ್ರಿ ಭರತ ಅವನಿಗೆ ತನ್ನ ಮನೆಯಲ್ಲೇ ಜಾಗ ಕೊಟ್ಟು ಬರೆಯಲು ಒಪ್ಪಿಸಿದ. 959ರಲ್ಲಿ ಶುರುವಾದ "ಮಹಾಪುರಾಣ" 965ಕ್ಕೆ ಮುಗಿಯಿತು. ಆರು ವರ್ಷ ಒಬ್ಬ ಕವಿಗೆ ಕೂರಲು ಜಾಗ, ಬೇಕಾದ ಓಲೆ, ಊಟ ಎಲ್ಲ ತಪ್ಪದೆ ಸಿಕ್ಕಿದ್ದರ ಫಲ ಅದು.

ಆದರೆ 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಮಾನ್ಯಖೇಟವನ್ನ ಕೊಳ್ಳೆ ಹೊಡೆದ. ಧನಪಾಲ ಎಂಬ ಕವಿ ತನ್ನ ಪ್ರಾಕೃತ ನಿಘಂಟು ಬರೆದ ವರ್ಷವನ್ನ ಗುರುತಿಸಿದ್ದೇ ಈ ಲೂಟಿಯಿಂದ. ಅವರ ಕಡೆ ಅದು ಗೆಲುವಿನ ವರ್ಷ. ಪುಷ್ಪದಂತನ ಹಸ್ತಪ್ರತಿಗಳಲ್ಲಿ ಸೇರಿಕೊಂಡ ಒಂದು ಪದ್ಯದಲ್ಲಿ ಅದೇ ಘಟನೆ ಬೇರೆ ಥರ ಇದೆ: ಊರು ಸುಟ್ಟುಹೋಯಿತು, ಇನ್ನು ಈ ಪುಷ್ಪದಂತ ಎಲ್ಲಿರಬೇಕು ಅಂತ ಗೋಳು. ರಾಜರ ಸೋಲಿನ ಬಗ್ಗೆ ಸಾಕಷ್ಟು ಪುಸ್ತಕ ಇವೆ. ಕೂತು ಬರೆಯುವ ಜಾಗ ಕಳಕೊಂಡವನ ಮಾತು ಅಪರೂಪ, ಅದಕ್ಕೇ ಆ ಪದ್ಯ ನನಗೆ ಮರೆಯೋದಿಲ್ಲ.

ಇದಾಗಿ ನಾಗಾವಿ ಶಾಸನಕ್ಕೆ ಇನ್ನೂ 86 ವರ್ಷ. ಮೂರು ತಲೆಮಾರಿನ ಅಂತರ ಅಷ್ಟೇ.

ಮಳಖೇಡದಲ್ಲಿ ಉಳಿಯದ್ದು ಬೇರೆಲ್ಲೋ ಉಳಿಯಿತು ಅನ್ನೋದು ವಿಚಿತ್ರ. ಅಮೋಘವರ್ಷನ ಗುರು ಜಿನಸೇನ. ಅವನ ಗುರು ವೀರಸೇನ "ಷಟ್ಖಂಡಾಗಮ"ದ ಮೇಲೆ "ಧವಳಾ" ಎಂಬ ದೊಡ್ಡ ಟೀಕೆ ಬರೆದ. "ಜಯಧವಳಾ"ವನ್ನ ಜಿನಸೇನ 837ರಲ್ಲಿ ಮುಗಿಸಿದ. ಇವುಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಉಳಿದುಕೊಂಡದ್ದು ನಮ್ಮ ಒಣ ಬಯಲುಸೀಮೆಯಲ್ಲಲ್ಲ, ಸುರಿವ ಮಳೆಯ ಮೂಡುಬಿದಿರೆಯ ಬಸದಿಯಲ್ಲಿ. ಹವಾಮಾನದ ಲೆಕ್ಕದಲ್ಲಿ ಇದು ತಿರುಗಾಮುರುಗಾ ಆಗಬೇಕಿತ್ತು. ಕಾಯುವವರು ಇದ್ದ ಕಡೆ ಉಳಿಯಿತು. ಜೈನರಲ್ಲಿ ಶ್ರುತಪಂಚಮಿ ಅಂತ ಒಂದು ಹಬ್ಬವೇ ಇದೆ, ಜ್ಯೇಷ್ಠ ಶುದ್ಧ ಪಂಚಮಿಯ ದಿನ. ಷಟ್ಖಂಡಾಗಮ ಬರೆದು ಮುಗಿದ ದಿನ ಅಂತ ನಂಬಿಕೆ. ಅವತ್ತು ಶಾಸ್ತ್ರಗ್ರಂಥಗಳನ್ನ ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡ್ತಾರೆ. ಕಪಾಟು ಸ್ವಚ್ಛ ಮಾಡೋದನ್ನೇ ಹಬ್ಬ ಮಾಡಿಬಿಟ್ಟರೆ ಯಾರೂ ಮರೆಯೋದಿಲ್ಲ!

ಆದರೆ ಇದಕ್ಕೊಂದು ಮಗ್ಗುಲಿದೆ. ಮೂಡುಬಿದಿರೆಯ ಆ ಗರಿಗಳು ಎಷ್ಟೋ ಕಾಲ ದರ್ಶನಕ್ಕೆ ಮಾತ್ರ ಇದ್ದವು, ಓದಿಗೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಶುರುವಾಗಿ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಗುವ ಹೊತ್ತಿಗೆ 1939. ಪುಸ್ತಕ ಉಳಿಸಿದವರಿಗೆ ಕೈ ಮುಗಿಯುತ್ತೇನೆ. ಆದರೂ ಯಾರೂ ಮುಟ್ಟದ ಕಪಾಟು ಅಚ್ಚುಕಟ್ಟಾಗಿರೋದು ದೊಡ್ಡ ಮಾತಲ್ಲ. ನಾಗಾವಿಯ ಆರು ಜನರ ಕಷ್ಟ ಬೇರೆ. ಇನ್ನೂರಕ್ಕೂ ಮೀರಿ ಹುಡುಗರು ದಿನಾ ಓದುವ ಜಾಗ ಅದು. ಬೆಳಿಗ್ಗೆ ಬಿಚ್ಚಿದ್ದನ್ನ ಸಂಜೆ ಕಟ್ಟಬೇಕು, ಮರುದಿನ ಮತ್ತೆ ಬಿಚ್ಚಬೇಕು. ಕೆಲಸ ನಡೆಯುವ ಕೋಣೆಯನ್ನ ಕೆಲಸ ನಿಲ್ಲಿಸದೆ ಚೊಕ್ಕಟ ಇಡೋದು, ಅಡುಗೆಮನೆಯ ಥರ.

ಹಂಗೆ ಇಟ್ಟಿದ್ದರಿಂದ ಏನು ಸಿಗುತ್ತೆ ಅಂತ ನೋಡಲಿಕ್ಕೆ ಶಹಾಬಾದ್ ಹತ್ತಿರದ ಮರ್ತೂರಿಗೆ ಹೋಗಬೇಕು. "ಮಿತಾಕ್ಷರಾ" ಬರೆದ ವಿಜ್ಞಾನೇಶ್ವರ ಮರ್ತೂರಿನವನು ಅಂತ ನಮ್ಮ ಕಡೆಯವರ ಹೆಮ್ಮೆ. ಸೋಮೇಶ್ವರನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ. ಮಿತಾಕ್ಷರಾ ಅವನ ಕಾಲದ್ದು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳು ಬಂಗಾಳ ಬಿಟ್ಟು ಉಳಿದ ಹೆಚ್ಚಿನ ಕಡೆ ಹಿಂದೂ ಆಸ್ತಿ ವ್ಯಾಜ್ಯಕ್ಕೆ ಅದನ್ನೇ ಹಿಡಿದವು. ಈಗಲೂ ವಕೀಲರ ಬಾಯಲ್ಲಿ ಮಿತಾಕ್ಷರ ಕುಟುಂಬ ಅನ್ನೋ ಮಾತಿದೆ.

ಆ ಗ್ರಂಥದ ಕೆಲಸ ಹೆಂಗಿದೆ ಅಂದರೆ, ಯಾಜ್ಞವಲ್ಕ್ಯ ಸ್ಮೃತಿಯ ಒಂದೊಂದು ಶ್ಲೋಕ ಎತ್ತಿಕೊಂಡು, ಅದರ ಬಗ್ಗೆ ಮನು ಏನಂದ, ನಾರದ ಏನಂದ, ಬೃಹಸ್ಪತಿ ಏನಂದ, ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದರೆ ಹೊಂದಿಸೋದು ಹೆಂಗೆ ಅಂತ ಮೀಮಾಂಸೆಯ ತರ್ಕ ಹಚ್ಚಿ ಬಿಡಿಸ್ತಾನೆ. ನೆನಪಿನ ಶಕ್ತಿ ಎಷ್ಟೇ ಇರಲಿ, ಇದು ಹತ್ತಾರು ಕಟ್ಟುಗಳನ್ನ ಸುತ್ತ ಹರಡಿಕೊಂಡು ಮಾಡುವ ಕೆಲಸ. ಬೇಕಾದ ಗರಿ ಬೇಕಾದಾಗ ಕೈಗೆ ಸಿಗಬೇಕು. ವಿಜ್ಞಾನೇಶ್ವರನ ಹೆಸರು ಹೈಕೋರ್ಟಿನವರೆಗೂ ಹೋಯಿತು. ಅವನಿಗೆ ಕಟ್ಟು ಬಿಚ್ಚಿ ಕೊಟ್ಟವನ ಹೆಸರು ಎಲ್ಲಿಯೂ ಇಲ್ಲ.

ಹೆಸರು ಅಂದಾಗ ಒಂದು ಚಂದದ ಕಥೆ ನೆನಪಾಗುತ್ತೆ. ಮಳಖೇಡಕ್ಕೆ ಈಗ ಬರುವ ಜನರಲ್ಲಿ ಹೆಚ್ಚಿನವರು ಬರೋದು ನೃಪತುಂಗನಿಗಾಗಿ ಅಲ್ಲ, ಟೀಕಾಚಾರ್ಯ ಜಯತೀರ್ಥರ ವೃಂದಾವನಕ್ಕಾಗಿ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದವರು ಅವರು. ಯಾದಗಿರಿ ಕಡೆಯ ಯರಗೋಳದ ಗುಹೆಯಲ್ಲಿ ಕೂತು ಬರೆದರು ಅಂತ ಭಕ್ತರು ಹೇಳ್ತಾರೆ. ಅವರ ಬಗ್ಗೆ ಇರುವ ನಂಬಿಕೆ ಏನಂದರೆ, ಹಿಂದಿನ ಜನ್ಮದಲ್ಲಿ ಅವರು ಮಧ್ವಾಚಾರ್ಯರ ಪುಸ್ತಕ ಹೊರುತ್ತಿದ್ದ ಎತ್ತು. ಊರಿಂದೂರಿಗೆ ಗ್ರಂಥದ ಮೂಟೆ ಹೊತ್ತು ನಡೆದ ಎತ್ತು ಮುಂದಿನ ಜನ್ಮದಲ್ಲಿ ಅದೇ ಗ್ರಂಥಗಳಿಗೆ ಅರ್ಥ ಬರೆಯುವ ಪಂಡಿತ ಆಯಿತು. ಮಧ್ವರ ಪುಸ್ತಕಗಳನ್ನ ವಿರೋಧಿಗಳು ಕದ್ದೊಯ್ದದ್ದು, ಕಾಸರಗೋಡಿನ ಕುಂಬಳೆಯ ರಾಜ ಜಯಸಿಂಹ ಅವನ್ನ ಹಿಂದಿರುಗಿಸಿದ್ದು "ಸುಮಧ್ವವಿಜಯ"ದಲ್ಲಿ ಬರುತ್ತೆ. ಪುಸ್ತಕದ ಮೂಟೆ ಎಷ್ಟು ಬೆಲೆಬಾಳುವ ವಸ್ತು ಅಂತ ಆ ಕಾಲಕ್ಕೆ ಕಳ್ಳರಿಗೂ ಗೊತ್ತಿತ್ತು. ನಾನು ಪುನರ್ಜನ್ಮ ನಂಬುವವನಲ್ಲ. ಆದರೆ ಹೊರುವವನಿಗೂ ಬರೆಯುವವನಿಗೂ ನಡುವೆ ಇಷ್ಟು ಗೌರವದ ನಂಟು ಕಟ್ಟಿದ ಕಥೆ ಇನ್ನೊಂದು ನನಗೆ ಗೊತ್ತಿಲ್ಲ.

ಭಂಡಾರಿಗರು ಇಲ್ಲದಿದ್ರ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಚಿತ್ತಾಪುರ ಸೀಮೆಯಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿ ಇದೆ. ಅಲ್ಲಿಯ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಕೆಳಗೆ ನೋಡಿದರೆ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರ! ಅಶೋಕನ ಶಾಸನ, ಎರಡೂ ಮುಖದಲ್ಲಿ ಬ್ರಾಹ್ಮಿ ಲಿಪಿ. ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋದವು. ಕೊರೆದವನನ್ನ ಬೈಯುವಂತಿಲ್ಲ. ಅದು ಓದುವ ವಸ್ತು ಅಂತ ಹೇಳಬೇಕಾದವರ ಸರಪಳಿ ಎಷ್ಟೋ ಶತಮಾನದ ಹಿಂದೆ ಕಡಿದುಹೋಗಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪ ಕಟ್ಟಿದವರು ಮಾತ್ರ ಮುಂಜಾಗ್ರತೆಯ ಜನ. ಸುಣ್ಣಕಲ್ಲಿನ ಮೇಲೆ ಶಿಲ್ಪ ಕೆತ್ತಿ, ಇದು ಯಾರು, ಇದು ಏನು ಅಂತ ಚಿಕ್ಕ ಚಿಕ್ಕ ಹೆಸರುಪಟ್ಟಿ ಹಾಕಿದರು. ರಾಣಿಯರ ಜೊತೆ ನಿಂತ ಒಬ್ಬ ರಾಜನ ಹತ್ತಿರ "ರಾಯಾ ಅಸೋಕೋ" ಅಂತಿದೆ. ಸ್ತೂಪ ಪುಡಿಪುಡಿಯಾಗಿ ಮಣ್ಣಲ್ಲಿ ಬಿದ್ದಿದ್ದರೂ, 1990ರ ದಶಕದಲ್ಲಿ ಅಗೆದಾಗ ಅಶೋಕನ ಗುರುತು ಹತ್ತಿದ್ದು ಆ ಒಂದು ಲೇಬಲ್‌ನಿಂದ.

ನಮ್ಮ ಮನೆಗಳಲ್ಲಿ ಈ ಪದ್ಧತಿಯ ಒಂದು ಎಳೆ ಉಳಿದಿದೆ, ಖಂಡೇನವಮಿ. ಅವತ್ತು ಬಡಿಗ ತನ್ನ ಉಳಿ, ಬಾಚಿ ಎಲ್ಲ ತೊಳೆದು ಸಾಲಾಗಿ ಇಡ್ತಾನೆ, ರೈತ ಕುಂಟಿ, ರಂಟೆ ತೊಳೀತಾನೆ, ಶಾಲೆ ಹುಡುಗರು ಪುಸ್ತಕ ಜೋಡಿಸಿ ಇಡ್ತಾರೆ. ಬೆಂಗಳೂರಿನ ಆಫೀಸುಗಳಲ್ಲೂ ಅವತ್ತು ಮೇಜು ಒರೆಸಿ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಮಂಡಕ್ಕಿ ಹಂಚ್ತಾರೆ. ವರ್ಷಕ್ಕೊಂದು ದಿನ. ಶಹಾಬಾದ್, ವಾಡಿ ಕಡೆಯ ಹಳ್ಳಿಮನೆಯಲ್ಲಿ ಗೋಡೆಯೊಳಗೆ ಫರಸಿ ಕಲ್ಲು ಹುಗಿದು ಮಾಡಿದ ಗೂಡುಗಳು ಇರ್ತಾವೆ. ಯಾವ ಗೂಡಿನಲ್ಲಿ ಹೊಲದ ಪಹಣಿ, ಯಾವುದರಲ್ಲಿ ರೇಷನ್ ಕಾರ್ಡ್, ಯಾವುದರಲ್ಲಿ ಪಂಚಾಂಗ ಅಂತ ಕತ್ತಲಲ್ಲೂ ಕೈಯಿಟ್ಟು ತೆಗೆಯೋಳು ಮನೆಯ ಹೆಂಗಸು. ಉಳಿದ 364 ದಿನದ ಭಂಡಾರಿಗಳು ಆಕೆ, ಪಟ್ಟಿಯಲ್ಲಿ ಹೆಸರಿಲ್ಲ.

ನಾಗಾವಿಯಲ್ಲಿ ಈಗ ಅರವತ್ತು ಕಂಬದ ಗುಡಿ ಇದೆ, ಶಾಸನದ ಕಲ್ಲಿದೆ. ಒಂದು ಗರಿಯೂ ಉಳಿದಿಲ್ಲ. ಆರು ಜನ ಎಷ್ಟೇ ಬಿಗಿಯಾಗಿ ಕಟ್ಟಿದ್ದರೂ, ಅವರ ನಂತರ ಬರುವ ಆರು ಜನಕ್ಕೆ ಕೂಳು ಹಾಕುವವರು ಇಲ್ಲವಾದಾಗ ಕಟ್ಟು ಸಡಿಲಾಗಲೇಬೇಕು. ಶಾಸನ ಕೆತ್ತಿಸಿದವನಿಗೆ ಈ ಭಯ ಇತ್ತು ಅನ್ನಿಸುತ್ತೆ. ಅದಕ್ಕೇ ಭೂಮಿ ಬಿಟ್ಟಿದ್ದು, ಕಲ್ಲಲ್ಲಿ ಬರೆಸಿದ್ದು. ಮೇಷ್ಟ್ರಿಗೆ ಕೊಟ್ಟಂತೆ ಭಂಡಾರಿಗರಿಗೂ ಜೀವನಕ್ಕೆ ದಾರಿ ಮಾಡಿಟ್ಟಿದ್ದು.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಅವುಗಳ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಬರೆದಿರುತ್ತೆ. ಸೇಡಂ, ಚಿಂಚೋಳಿ ತಾಲೂಕಿನ ಹಳ್ಳಿಗಳಲ್ಲೂ ಇವೆ. ಒಳಗೆ ಒಬ್ಬ ಮೇಲ್ವಿಚಾರಕರು. ಬಾಗಿಲು ತೆಗೆಯೋದು, ಕಸ ಗುಡಿಸೋದು, ಪೇಪರ್ ಜೋಡಿಸೋದು, ಹರಿದ ಪುಸ್ತಕಕ್ಕೆ ಅಂಟು ಹಚ್ಚೋದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಬೇಕಾದದ್ದು ಹುಡುಕಿ ಕೊಡೋದು ಎಲ್ಲ ಅವರೇ. ಅವರಿಗೆ ಬಹುಕಾಲ ಬರುತ್ತಿದ್ದ ಹಣಕ್ಕೆ ಸಂಬಳ ಅಂತ ಹೆಸರಿರಲಿಲ್ಲ, ಗೌರವಧನ ಅನ್ನುತ್ತಿದ್ದರು.